ನಂಬರ್ ಕಿತ್ತ ರಸ್ತೆ

ಇದು ನನ್ನ ದೊಡ್ಡಮ್ಮನ ಮಗ ಓಸಿಪ್‌ಗೆ ಆದದ್ದು. ಯಾರೋ ಹೇಳಿ ಇನ್ಯಾರೋ ಕೇಳಿದ್ದಲ್ಲ. ಕೊನೆಯದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಜನವರಿ. ಓಸಿಪ್ ಮಂಜುಗಡ್ಡೆ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟ ಮುಗಿಸಿ ಒಬ್ಬನೇ ನಡೆದು ಮನೆಗೆ ಬರುತ್ತಿದ್ದ. ಬೂಟಿನ ಅಡಿಯಲ್ಲಿ ಹಿಮ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಹಲಗೆ ಹೊಡೆದು ಮುಚ್ಚಿದ ಊರ ಹಳೇ ಬಾವಿ ದಾಟಿದ. ಆಗ ಕೇಳಿಸಿತು. ಪೂರ್ವದ ಕಡೆ, ದೂರದಲ್ಲಿ... ಗರ್ರ್ರ್ರ್... ಕಬ್ಬಿಣದ ಅಲಗು ಡಾಂಬರು ಕೆರೆಯುವ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪೀಂ... ಪೀಂ... ಪೀಂ... ಲಾರಿ ಹಿಂದಕ್ಕೆ ಬರುವ ಸದ್ದು.

ಓಸಿಪ್ ನಿಂತುಬಿಟ್ಟ. ಇಪ್ಪತ್ತೊಂಬತ್ತು ವರ್ಷದಿಂದ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದವನು ಅವನು. ಆ ಕಡೆ ಹಿಮ ತೆಗೆಯುವವರು ಯಾರೂ ಇಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹೆದ್ದಾರಿಗೆ ನಂಬರೇ ಹೆಸರು. ಆರುನೂರರ ಮೇಲಿನವು ಉತ್ತರ ದಕ್ಷಿಣ, ಏಳುನೂರರ ಮೇಲಿನವು ಪೂರ್ವ ಪಶ್ಚಿಮ. ನಂಬರ್ ಇದ್ದರೆ ಇಲಾಖೆಯ ಲಾರಿ ಬರುತ್ತದೆ. ನಂಬರ್ ಹೋದರೆ ಆ ರಸ್ತೆಯನ್ನು ದೇವರೇ ಕಾಯಬೇಕು. ನಮ್ಮ ಏಳುನೂರ ಹತ್ತೊಂಬತ್ತರ ಕೊನೆಯ ಒಂಬತ್ತು ಕಿಲೋಮೀಟರಿನ ಫಲಕಗಳನ್ನು ಅದರ ಹಿಂದಿನ ಬೇಸಿಗೆಯಲ್ಲಿ ಕಿತ್ತುಕೊಂಡು ಹೋಗಿದ್ದರು. ಊರಂಚಿನಲ್ಲಿ ಬೋಳು ಕಂಬ ಒಂದೇ ಉಳಿದಿತ್ತು. ಓಸಿಪ್ ಅಲ್ಲಿ ಅಲಗು ಎತ್ತಿ ಲಾರಿ ತಿರುಗಿಸಬೇಕು. ಒಂದು ಗಜ ಆಚೆ ಹೋಗುವಂತಿಲ್ಲ.

ಆಚೆ ನಾಲ್ಕು ಮನೆ. ಕೊನೆಯದು ಪರಾಸ್ಕಕ್ಕನದು. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ತಾನೇ ಕಾರು ಓಡಿಸಿಕೊಂಡು ಹೋಗುವ ಹೆಂಗಸು. ಅವಳ ಗಂಡ ಮಕಾರ್, ತೀರಿಹೋಗಿ ಆರು ವರ್ಷ. ಓಸಿಪ್‌ಗೆ ಲಾರಿ ಕಲಿಸಿದವನೇ ಅವನು. ಹಿಮ ತೆಗೆಯುವ ಲಾರಿ ಹೋದರೆ ಪ್ರತಿ ಮನೆಯ ಗೇಟಿಗೆ ಅಡ್ಡವಾಗಿ ಹಿಮದ ಬದು ಬೀಳುತ್ತದೆ. ಜನ ಸಲಿಕೆ ಹಿಡಿದು ಡ್ರೈವರಿಗೆ ಬೈಯುತ್ತಾರೆ. ಮಕಾರ್ ಮಾತ್ರ ತನ್ನ ಹೆಂಡತಿಯ ಗೇಟಿನ ಮುಂದೆ ಲಾರಿ ಹಿಂದಕ್ಕೆ ತಂದು ಬದು ಸರಿಸಿಯೇ ಹೋಗುತ್ತಿದ್ದ. ಮನೆಯೊಡತಿಗೆ ಹೆದರುವ ಲಾರಿ ಅಂತ ನಾವು ಕಿಚಾಯಿಸುತ್ತಿದ್ದೆವು.

ಮರುದಿನ ನೋಡಿದರೆ ನಂಬರಿಲ್ಲದ ಒಂಬತ್ತು ಕಿಲೋಮೀಟರೂ ಸ್ವಚ್ಛ. ಇಲಾಖೆಯ ಮೇಸ್ತ್ರಿ ಲೈಲ್ ಓಸಿಪ್‌ನನ್ನು ಹಿಡಿದುಕೊಂಡ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಲೋ, ರಾತ್ರಿ ಲಾರಿ ತಗೊಂಡು ಹೋಗಿದ್ಯಾ?"

"ಇಲ್ಲ ಕಣೋ. ಮನೇಲಿ ಮಲಗಿದ್ದೆ."

"ಯಾರು ನೋಡಿದ್ರು?"

"ನನ್ನ ಹೆಂಡ್ತಿ."

"ಅವಳು ನಿನ್ನ ಬಿಟ್ಟು ನನ್ನ ಪರ ಹೇಳ್ತಾಳಾ? ಪರಾಸ್ಕಕ್ಕನ ರಸ್ತೆ, ಪರಾಸ್ಕಕ್ಕನ ರಸ್ತೆ ಅಂತ ಆರು ತಿಂಗಳಿಂದ ನನ್ನ ತಲೆ ತಿಂದೋನು ನೀನೇ ತಾನೇ?"

ಓಸಿಪ್‌ಗೆ ಪೂರ್ತಿ ಪಿಂಚಣಿ ಸಿಗಲು ಮೂರೇ ತಿಂಗಳು ಬಾಕಿ. ಈಗ ಕೆಲಸ ಹೋದರೆ ಎಲ್ಲ ಹೋದಂತೆ. ನಿಜ ಹೇಳುತ್ತೇನೆ, ನನಗೂ ಅವನ ಮೇಲೇ ಅನುಮಾನ. ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಲೈಲ್ ಲಾರಿಯ ಕೀಲಿ ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡ. ಮತ್ತೆ ಹಿಮ ಬಿತ್ತು. ಮತ್ತೆ ರಸ್ತೆ ಸ್ವಚ್ಛ! ಇವನ ಹತ್ತಿರ ಕಳ್ಳ ಕೀಲಿ ಇದೆ ಅಂದ ಲೈಲ್. ಮೂರನೆಯ ಸಲ ಹಿಮ ಬಿದ್ದ ರಾತ್ರಿ ಓಸಿಪ್‌ನನ್ನು ತನ್ನ ಗಾಡಿಯಲ್ಲೇ ಕೂರಿಸಿಕೊಂಡು, ಬೋಳು ಕಂಬದ ಹತ್ತಿರ ದೀಪ ಆರಿಸಿ ನಿಂತ.

"ಯಾರಾದ್ರೂ ಬಂದ್ರೆ ನೀನು ಬಚಾವ್," ಪಿಸುಗುಟ್ಟಿದ.

"ಬರದಿದ್ರೆ?"

"ನೀನೇ ಅಂತ ಮೇಲಿನೋರಿಗೆ ಬರೀತೀನಿ."

ಒಂದು ಗಂಟೆ... ಎರಡು ಗಂಟೆ. ಗಾಜಿನ ಒಳಗೆಲ್ಲ ಉಸಿರು ಹೆಪ್ಪುಗಟ್ಟಿತು. ಓಸಿಪ್ ಉಗುರಿನಿಂದ ಕೆರೆದು ನಾಣ್ಯದಗಲ ಜಾಗ ಮಾಡಿಕೊಂಡು ಹೊರಗೆ ನೋಡುತ್ತಿದ್ದ. ಜೀವನದಲ್ಲಿ ಮೊದಲ ಸಲ, ದೆವ್ವವಾದರೂ ಬರಲಪ್ಪ ಅಂತ ಬೇಡಿಕೊಂಡನಂತೆ.

ಗರ್ರ್ರ್ರ್...

"ಕೇಳಿಸ್ತಾ?"

"ಶ್..."

ಪೂರ್ವದಿಂದ ನೀಲಿ ದೀಪ, ಹಳದಿ ದೀಪ ಮಿಣುಕುತ್ತ ಬಂತು. ಸದ್ದು ಹತ್ತಿರವಾಯಿತು. ಲಾರಿ ಕಂಬದ ಬುಡಕ್ಕೆ ಸರಿಯಾಗಿ ಬಂದು ಠಣ್ ಅಂತ ಅಲಗು ಎತ್ತಿತು. ಒಂದು ಗಜ ಈಚೆ ಬರಲಿಲ್ಲ. ತಿರುಗುವಾಗ ಒಳಗಿನ ಹಸಿರು ಬೆಳಕಿನಲ್ಲಿ ಸ್ಟೇರಿಂಗ್ ಮೇಲಿದ್ದ ಕೈ ಕಂಡಿತು. ಮುಖ ಕಾಣಲಿಲ್ಲ.

ನಮ್ಮ ಕಡೆ ಎದುರಿಗೆ ಗಾಡಿ ಸಿಕ್ಕರೆ ಸ್ಟೇರಿಂಗ್ ಮೇಲಿಂದ ತೋರುಬೆರಳು ಎತ್ತುವುದು ವಾಡಿಕೆ. ಎತ್ತದವನು ಈ ಸೀಮೆಯವನೇ ಅಲ್ಲ. ಮಕಾರ್‌ನ ತೋರುಬೆರಳು ಕಾಳು ತುಂಬುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಅವನು ಕೊನೆಯ ಎರಡು ಬೆರಳು ಎತ್ತುತ್ತಿದ್ದ.

ಆ ಕೈಯಿಂದ ಎದ್ದದ್ದು ಎರಡು ಬೆರಳು. ಕೊನೆಯವು.

ಲಾರಿ ಬಂದ ದಾರಿಗೇ ಹೋಯಿತು.

"ನೀನ್ಯಾಕೋ ಬೆರಳೆತ್ತಿದೆ?" ಅಂದ ಲೈಲ್.

"ನೀನೂ ಎತ್ತಿದ್ಯಲ್ಲೋ."

ಲೈಲ್ ತನ್ನ ಕೈ ನೋಡಿಕೊಂಡ. ಬೆರಳು ಇನ್ನೂ ಎತ್ತಿಕೊಂಡೇ ಇತ್ತು.

ಹಿಂದೆಯೇ ಹೋದರು. ಮುಂದೆ ಎಲ್ಲೋ ಪೀಂ... ಪೀಂ... ಪೀಂ... ಕೇಳಿಸಿ ನಿಂತುಹೋಯಿತು. ತುದಿ ಮುಟ್ಟಿದಾಗ ಲಾರಿ ಇರಲಿಲ್ಲ. ರಸ್ತೆ ಅಲ್ಲಿಗೇ ಮುಗಿಯುತ್ತದೆ. ಆಚೆ ಗೋಧಿ ಹೊಲ, ಹಿಮದ ಮೇಲೆ ಮೊಲದ ಹೆಜ್ಜೆ ಕೂಡ ಇಲ್ಲ.

ಲೈಲ್ ಜೇಬಿನಿಂದ ಕೀಲಿ ತೆಗೆದು ಓಸಿಪ್‌ನ ಅಂಗೈಗೆ ಹಾಕಿದ. "ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬಾ. ತಪ್ಪಾಯ್ತು ಕಣೋ," ಅಂದ. ಓಸಿಪ್ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ಏಪ್ರಿಲ್‌ನಲ್ಲಿ ಪೂರ್ತಿ ಪಿಂಚಣಿ ತಗೊಂಡೇ ಮನೆಗೆ ಬಂದ.

ಗಾಳಿಗೆ ಹಿಮ ಹಾರಿಹೋಗಿದೆ ಅಂತ ಲೈಲ್ ಮೇಲಿನವರಿಗೆ ಬರೆದ. ಆ ಕಾಗದ ಈಗಲೂ ಕಚೇರಿಯಲ್ಲಿದೆ, ಬೇಕಾದರೆ ಹೋಗಿ ಓದಿ. ನಾನು ಮಾತ್ರ ಅನುಮಾನ ತಡೆಯಲಾರದೆ, ಆ ರಾತ್ರಿ ಕಳೆದ ಬೆಳಿಗ್ಗೆಯೇ ಆ ರಸ್ತೆಗೆ ಹೋಗಿದ್ದೆ. ನಾನು ಕಂಡದ್ದು ಇಷ್ಟೇ, ಆಣೆ ಮಾಡಿ ಹೇಳುತ್ತೇನೆ. ಮೂರು ಮನೆಯವರು ಗೇಟಿನ ಮುಂದೆ ಮೊಣಕಾಲುದ್ದದ ಹಿಮದ ಬದು ಅಗೆಯುತ್ತ ಬೈಯುತ್ತಿದ್ದರು. ಪರಾಸ್ಕಕ್ಕನ ಗೇಟಿನ ಮುಂದೆ ಬದು ಇರಲಿಲ್ಲ. ಅವಳು ಆಗಲೇ ಆಸ್ಪತ್ರೆಗೆ ಹೊರಟುಹೋಗಿದ್ದಳು.