ಮಂತ್ರಿಗಳ ಎಡಗಾಲ ಬೂಟು

"ಆತನಿಗೂ ದೀಪ ಹಚ್ಚು ಮಗಾ, ಆದ್ರೆ..." ಎಂದು ಅಮ್ಮ ಸಾಯುವ ವರ್ಷ ಹೇಳಿದ್ದಳಲ್ಲ, ಆ 'ಆದ್ರೆ'ಯ ಮುಂದಿನ ಮಾತನ್ನು ಈ ವೇದಿಕೆ ಹತ್ತಿದಾಗಿನಿಂದ ಹುಡುಕುತ್ತಿದ್ದೇನೆ. ಕ್ಷಮಿಸಿ. ಮಾನ್ಯ ಮೇಯರ್ ಅವರೇ, ಫಾದರ್ ಅವರೇ, ನನ್ನ ಬೀದಿಯ ಸಭಿಕರೇ.

ನಮ್ಮ ಬೀದಿಗೆ ಲೊವ್ರೊ ಬೆಲಾಮಾರಿಚರ ಹೆಸರಿಡಲು ಇನ್ನು ಸ್ವಲ್ಪ ಹೊತ್ತಿನಲ್ಲಿ ಕೈ ಎತ್ತಲಿದ್ದೀರಿ. ನನ್ನ ಕಾಲದಲ್ಲೇ ಇದು ನಾಲ್ಕನೆಯ ಹೆಸರು. ಅಂಚೆಯವನು ಮಾತ್ರ ಇವತ್ತಿಗೂ ಬೂಟಿನ ಬೀದಿ ಎನ್ನುತ್ತಾನೆ. ಬೆಲಾಮಾರಿಚರ ದಯೆಯಿಂದ ಉಳಿದ ಮನೆಯವನು ನಾಲ್ಕು ಒಳ್ಳೆಯ ಮಾತಾಡಲಿ ಎಂದು ನನ್ನನ್ನು ಕರೆದಿದ್ದೀರಿ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವರು ರಾಜಧಾನಿ ಜಾಗ್ರೆಬ್‌ನಲ್ಲಿ ಮಂತ್ರಿ. ನಮಗೆ ಶಾಲೆ ಕಟ್ಟಿಸಿದರು. ಹೋದವರು ತಿರುಗಿ ಬಾರದ ಶಿಬಿರಕ್ಕೆ ಕಳಿಸುವವರ ಪಟ್ಟಿಗಳಿಗೆ ಸಹಿಯನ್ನೂ ಹಾಕಿದರು. ದೊಡ್ಡವರೋ, ಕೆಟ್ಟವರೋ? ಇತಿಹಾಸ ಬರೆಯುವವರು ಜಗಳವಾಡಲಿ. ಬೂಟು ಹೊಲಿಯುವವನ ಮಗನಾದ ನನಗೆ ಗೊತ್ತಿರುವುದು ಅವರ ಪಾದ. ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಅದು ಕಾಣದಂತೆ ಬೂಟು ಹೊಲಿಯಬಲ್ಲವನು ನಮ್ಮ ಸ್ಲಾವೊನಿಯಾ ಸೀಮೆಯಲ್ಲೆಲ್ಲ ನನ್ನಪ್ಪ ಒಬ್ಬನೇ.

ನಲವತ್ತೆರಡನೆಯ ಇಸವಿಯಲ್ಲಿ ಅಪ್ಪನ ಹೆಸರೂ ಪಟ್ಟಿ ಸೇರಿತು. ಅಳತೆ ಕೊಡಲು ಬಂದ ಮಂತ್ರಿಗಳೇ ಕಾಗದ ಬಿಚ್ಚಿ ತೋರಿಸಿದರಂತೆ.

"ನೋಡೋ ಫ್ರಾನ್ಯೊ, ನಿನ್ ಹೆಸರು ಹೊಡೆದು ಹಾಕಿದೀನಿ. ನೀನು ಹೋದ್ರೆ ನಾನು ಕುಂಟ್ಕೊಂಡು ಓಡಾಡ್ಬೇಕಲ್ಲಯ್ಯಾ!"

ಅಪ್ಪ ನಕ್ಕನಂತೆ. ಅಮ್ಮ ಪ್ಲಮ್ ಬ್ರಾಂದಿ ತಂದಿಟ್ಟಳು. ಮರುವರ್ಷ ನಾನು ಹುಟ್ಟಿದೆ. ನಾನು ಕೃತಜ್ಞನಾಗದೆ ಇನ್ನೇನಾಗಲಿ?

ಹೊಡೆದ ಹೆಸರಿನ ಕೆಳಗೆ, ಅದೇ ಮಸಿಯಲ್ಲಿ, ಎದುರುಮನೆಯ ದರ್ಜಿ ಸಾವಾನ ಹೆಸರಿತ್ತು. ಪಟ್ಟಿಗೆ ನಲವತ್ತು ಜನ ಎಂದರೆ ನಲವತ್ತೇ ಇರಬೇಕಿತ್ತು. ಇದನ್ನು ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ. ಅಪ್ಪ ಅದನ್ನು ಓದಿದ. ಬೀದಿ ದಾಟಿ ಹೋಗಿ ಸಾವಾನಿಗೆ ಹೇಳಲಿಲ್ಲ. ಆ ವಾರ ಬೂಟು ಮುಗಿಸಿದ.

ಸಕಲ ಸಂತರ ದಿನ, ಊರಿನಲ್ಲಿ ಸಮಾಧಿಯಿಲ್ಲದವರಿಗೆ ಸ್ಮಶಾನದ ದೊಡ್ಡ ಶಿಲುಬೆಯ ಬುಡದಲ್ಲಿ ನಾವು ದೀಪವಿಡುತ್ತೇವಲ್ಲ, ಅಮ್ಮ ಅಲ್ಲಿಗೆ ಎರಡು ಒಯ್ಯುತ್ತಿದ್ದಳು. ಒಂದು ಪರದೇಶದಲ್ಲಿ ಸತ್ತ ಮಂತ್ರಿಗಳಿಗೆ.

"ಇನ್ನೊಂದು ಯಾರಿಗಮ್ಮಾ?"

"ಬಾಯಿ ಮುಚ್ಕೊಂಡು ಹಚ್ಚೋ."

ಈಗ ನೆನಪಾಯಿತು, ಸಭಿಕರೇ. "ಆತನಿಗೂ ದೀಪ ಹಚ್ಚು ಮಗಾ, ಆದ್ರೆ ಮೊದಲು ಸಾವಾಗೆ."

ನಾನು ಬದುಕಿರುವವರೆಗೆ ಮಂತ್ರಿಗಳಿಗೆ ನನ್ನ ದೀಪ ತಪ್ಪುವುದಿಲ್ಲ. ಇವತ್ತು ಕೈ ಮಾತ್ರ ಎತ್ತಲಾರೆ. ಕರೆದದ್ದಕ್ಕೆ, ನಡುವೆ ತಡೆಯದೆ ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.

ಸ್ಮಿಲ್ಯಾ ಅಕ್ಕಾ, ಸಾವಾನ ಮಗಳೇ, ಎರಡು ವರ್ಷದ ಹಿಂದೆ ಈ ಹೊಸ ಯುದ್ಧ ಶುರುವಾದಾಗ ಮನೆಗೆ ಬೀಗ ಹಾಕಿಕೊಂಡು ಹೋದೆಯಲ್ಲ, ಒಂದು ದಿನ ತಿರುಗಿ ಬಂದರೆ, ಕಾಗದದ ಮೇಲೆ ವಿಳಾಸ ಬರೆಯುವಾಗ ನಿನ್ನ ಹೆಸರಿನ ಕೆಳಗೆ ಬೀದಿಯ ಆ ಹೆಸರು ಬರೆಯಲು ನಿನಗೆ ಕೈ ಬರುತ್ತದೆಯೇ?