ಬೆಳಕಾಗುವ ಮೊದಲೇ ಬರಿದಾದ ತೋಟ

ಒಬ್ಬ ಶ್ರೀಮಂತ ತನ್ನ ತೋಟದ ಹೂವನ್ನೆಲ್ಲ ದಿನವೂ ಬೆಳಕಾಗುವ ಮೊದಲೇ ಕೀಳಿಸುತ್ತಿದ್ದ. ಅರಳಿದ್ದನ್ನೂ ಕೀಳಿಸಿದ, ಮೊಗ್ಗನ್ನೂ ಕೀಳಿಸಿದ. ಗಿಡದ ಮೇಲೆ ಒಂದನ್ನೂ ಬಿಡಲಿಲ್ಲ.

ಪ್ರವಚನಕ್ಕೆ ಬಂದವರೇ, ಅವನಿದ್ದದ್ದು ಯಾವ ಊರು ಅಂತ ಕೇಳಬೇಡಿ. ನಿಮ್ಮೂರೇ ಅಂದುಕೊಳ್ಳಿ, ತಪ್ಪೇನಿಲ್ಲ. ಅವನ ಹೆಸರೂ ಬೇಡ. ಅದನ್ನು ಹೇಳುವುದಕ್ಕೆ ಕಲ್ಯಾಣಮಂಟಪದ ಗೋಡೆಯಿದೆ, ಗುಡಿಯ ಫ್ಯಾನಿನ ರೆಕ್ಕೆಯಿದೆ. ಇಲ್ಲಿ ಹೇಳಬೇಕಾದ ಹೆಸರು ಒಂದೇ: ದುರುಗವ್ವ. ಆ ತೋಟದ ಒಂದೊಂದು ಗಿಡವನ್ನೂ ಕೈಯಾರೆ ನೆಟ್ಟವಳು. ತೋಟದ ಮೂಲೆಯ ಪಂಪಿನ ಕೋಣೆಯಲ್ಲಿ ಮಗಳನ್ನು ಕಟ್ಟಿಕೊಂಡು ಬದುಕುತ್ತಿದ್ದವಳು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಸಾಹುಕಾರನಿಗೂ ಗೊತ್ತಿತ್ತು.

ನೋಡಿ, ತೋಟ ಸಾಮಾನ್ಯದ್ದಲ್ಲ. ಸಾಹುಕಾರ ಯಾವುದೋ ರೆಸಾರ್ಟಿಗೆ ಹೋಗಿದ್ದಾಗ ಅವನ ಭುಜದ ಮೇಲೆ ಒಂದು ಪಾತರಗಿತ್ತಿ ಕುಳಿತಿತ್ತಂತೆ. ಮನೆಯಲ್ಲೂ ಹಾಗೇ ಕೂರಬೇಕು ಅಂತ ಹಟ ಹತ್ತಿತು. ಹುಬ್ಬಳ್ಳಿಯಿಂದ ಡಿಸೈನರ್ ಬಂದ. ಬೇಸಿಗೆಗೆ ಮಲ್ಲಿಗೆ, ಮಳೆಗಾಲಕ್ಕೆ ಶಂಖಪುಷ್ಪ, ದಸರೆಗೆ ಚೆಂಡುಹೂ, ಚಳಿಗೆ ಸೇವಂತಿಗೆ, ವರ್ಷವಿಡೀ ದಾಸವಾಳ. ನಡುವೆ ಕೂರಲು ಕಲ್ಲಿನ ಬೆಂಚು. ಎಲ್ಲವೂ ಕಾಗದದ ಮೇಲೆ ಬರೆದಂತೆ ಬಂತು. ಪಾತರಗಿತ್ತಿ ಮಾತ್ರ ಬರಲಿಲ್ಲ.

ಹೇಗೆ ಬಂದೀತು? ಅಪರೂಪಕ್ಕೆ ಒಂದು ಬರುವುದು, ಗಿಡ ಗಿಡ ಸುತ್ತುವುದು, ಬರೀ ಎಲೆ ನೋಡಿ ಗೋಡೆ ದಾಟುವುದು. ಊಟಕ್ಕೆ ಕರೆದು ಖಾಲಿ ತಟ್ಟೆ ಇಟ್ಟರೆ ನೀವು ಎರಡನೇ ಸಲ ಹೋಗುತ್ತೀರಾ? ಅದೂ ಸಾಲದು ಅಂತ, ಕರಿಬೇವಿನ ಎಲೆಯನ್ನು ಹಸಿರು ಹುಳ ತಿಂದಿತೆಂದು ಸಾಹುಕಾರ ಔಷಧಿ ಹೊಡೆಸಿದ. ಆ ಹುಳವೇ ಅಲ್ಲವೇ ಪಾತರಗಿತ್ತಿಯಾಗಬೇಕಾಗಿದ್ದದ್ದು? ಕೂಸನ್ನು ತೊಟ್ಟಿಲಲ್ಲೇ ಕೊಂದು, ಅದರ ಮದುವೆಯ ಮೆರವಣಿಗೆ ನೋಡಲು ಬೆಂಚಿನ ಮೇಲೆ ಚಹಾ ಹಿಡಿದು ಕೂತ!

"ಏನ ದುರುಗಿ, ಪಾತರಗಿತ್ತಿ ಯಾಕ ಬರವಲ್ವು?"

"ಬಂದು ಏನ್ ತಿನ್ಬೇಕ್ರಿ ಸಾಹುಕಾರ್ರ? ಹೂವೆಲ್ಲಾ ದೇವ್ರ ಮನ್ಯಾಗ ಕುಂತಾವು."

"ದೇವ್ರಿಗಿಂತ ಹುಳ ಹೆಚ್ಚಾತೇನ ನಿನಗ?"

"ಹೆಚ್ಚು ಕಮ್ಮಿ ನನಗ ತಿಳಿಯೂದಿಲ್ರಿ. ದೇವ್ರು ಹಸಗೊಂಡು ಹಿಂದಕ್ಕ ಹೋಗಿದ್ದು ನಾ ನೋಡಿಲ್ಲ. ಇವು ಹೋಗೂದು ದಿನಾ ನೋಡ್ತೀನಿ."

ಸಾಹುಕಾರ ನಕ್ಕ. ಕೆಲಸದವಳ ಮಾತು ನಿಜವಾದಾಗ ದೊಡ್ಡವರು ನಗುತ್ತಾರೆ.

ಆ ದೇವರ ಮನೆಯ ಸಂಗತಿಯನ್ನೂ ಕೇಳಿ. ದುರುಗವ್ವ ಹೂವಿನ ಬುಟ್ಟಿಯನ್ನು ಹೊಸ್ತಿಲಾಚೆ ಇಟ್ಟು ಹಿಂದೆ ಸರಿಯಬೇಕು. ಹೂವು ಒಳಗೆ, ಹೂವು ಬೆಳೆದ ಕೈ ಹೊರಗೆ. ಇದು ಯಾವ ಪೂಜೆ? ನೀವೇ ಹೇಳಿ, ಇದು ಯಾವ ಪೂಜೆ?

ಹಿತ್ತಲ ಚಪ್ಪರದ ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು. ಹೀಚು ಹೆಬ್ಬೆರಳಷ್ಟಾಗುವುದು, ಹಳದಿಯಾಗಿ ಕೊಳೆತು ಬೀಳುವುದು. ದುರುಗವ್ವ ತಾನೇ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಅದರ ಹುಡಿಯನ್ನು ಒಂದೊಂದೇ ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದಳು. ಸಾಹುಕಾರನ ಹೆಂಡತಿ ಇದನ್ನು ಕಂಡಳು.

"ಏನ್ ನಡಸೀಯೇ ಅದು, ಮುಂಜಮುಂಜಾನೆ?"

"ಲಗ್ನ ಮಾಡಾಕತ್ತೀನ್ರಿ ಅಕ್ಕಾರ. ಜೇನುಹುಳ ಬರವಲ್ವು, ಅದಕ್ಕ ನಾನ ಐನೋರಾಗೀನಿ."

ಮಾತು ತಮಾಷೆಯದು. ಆದರೆ ದುರುಗವ್ವನ ಎದೆಯಲ್ಲಿ ತಮಾಷೆಯಿರಲಿಲ್ಲ. ಸಾವಿರ ಹುಳಗಳ ಕೆಲಸವನ್ನು ಎರಡು ಕೈ ಎಷ್ಟು ದಿನ ಮಾಡೀತು? ಇಡೀ ತೋಟ ಸದ್ದಿಲ್ಲದೆ ನಿಂತದ್ದು ನೋಡಿದರೆ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದಾಗ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ತುಂಬೆ ಎದ್ದಿತು. ಯಾರೂ ನೆಟ್ಟದ್ದಲ್ಲ. ಕಳೆ ಕಿತ್ತುಹಾಕು ಅಂತ ಡಿಸೈನರ್ ಹೇಳಿಹೋಗಿದ್ದ. ದುರುಗವ್ವ ಕೀಳಲಿಲ್ಲ, ಕಸ ಒಟ್ಟುವ ನೆಪದಲ್ಲಿ ಒಣ ಎಲೆಯನ್ನೂ ಆ ಕಡೆಗೇ ತಳ್ಳಿದಳು. ಮೊಣಕಾಲೆತ್ತರ ಬೆಳೆದು ಬಿಳಿ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಜೇನು ಬಂತು. ಮರುದಿನ ಹತ್ತು ಬಂದವು. ಅಂಗೈಯಷ್ಟಗಲದ ಕಪ್ಪು ಪಾತರಗಿತ್ತಿಯೂ ಬಂತು. ಚಪ್ಪರದ ಮೇಲೆ ಯಾರೂ ಲಗ್ನ ಮಾಡಿಸದ ಐದು ಕುಂಬಳದ ಹೀಚು ನಿಂತು ದಪ್ಪಗಾದವು.

ಅಷ್ಟರಲ್ಲಿ ಶ್ರಾವಣ ಬಂತು. ಸಾಹುಕಾರ ಶಿವನಿಗೆ ಲಕ್ಷ ತುಂಬೆ ಹೂವಿನ ಅರ್ಚನೆಯ ಹರಕೆ ಹೊತ್ತಿದ್ದ. ಆಳುಗಳು ಹೊಲದ ಬದುಗಳನ್ನೆಲ್ಲ ಬೋಳಿಸಿದರೂ ಲೆಕ್ಕ ತುಂಬಲಿಲ್ಲ. ಭಾನುವಾರ ಸಂಜೆ ಕೈ ತೊಳೆಯಲು ಹಿತ್ತಲಿಗೆ ಬಂದವನ ಕಣ್ಣು ಕಲ್ಲಿನ ಹಿಂದೆ ಬಿತ್ತು.

"ಮನಿ ಹಿಂದ ಇಷ್ಟು ಇಟಗೊಂಡು ಊರೆಲ್ಲಾ ಹುಡುಕಸೀನಲ್ಲ! ನಾಳಿ ಬೆಳಕ ಹರಿಯೂದ್ರಾಗ ಒಂದೂ ಬಿಡದಂಗ ಕಿತ್ತು ತಾ."

"ಅಷ್ಟೂ ಕಿತ್ರ ಹುಳ ಮತ್ತ ಓಡಿ ಹೋಗ್ತಾವ್ರಿ."

"ಹೋಗ್ಲಿ. ನಿನಗ ಆಗೂದಿಲ್ಲಂದ್ರ ಕೋಣಿ ಖಾಲಿ ಮಾಡು, ಕೀಳಾವ್ರು ಭಾಳ ಮಂದಿ ಅದಾರ."

ಅವಳು ಏನು ಮಾಡಿದಳು ಅಂತ ಕೇಳುವ ಆತುರ ನಿಮಗೆ. ತಡೆಯಿರಿ. ನೀವು ಏನು ಮಾಡುತ್ತೀರಿ, ಮೊದಲು ಅದನ್ನು ಹೇಳಿ.

ಮುಂಜಾನೆ ವಾಕಿಂಗ್ ಅಂತ ಹೊರಡುತ್ತೀರಲ್ಲ, ಕೈಯಲ್ಲಿ ಆ ಪ್ಲಾಸ್ಟಿಕ್ ಚೀಲ ಯಾಕೆ? ಪಕ್ಕದ ಮನೆ ಕಂಪೌಂಡಿನ ದಾಸವಾಳ ಬಗ್ಗಿಸುವುದಕ್ಕೆ ಆ ಕೊಕ್ಕೆಕೋಲು ಯಾಕೆ? ನಗಬೇಡಿ, ನಗುವವರ ಮನೆಯಲ್ಲೇ ಆ ಕೋಲಿದೆ. ಸಾಹುಕಾರನನ್ನು ಬೈಯುವುದು ಸುಲಭ. ಮೂರು ಕುಂಡ ಇಟ್ಟುಕೊಂಡವನೂ ಆ ಮೂರು ಕುಂಡಕ್ಕೆ ಸಾಹುಕಾರನೇ!

ನಾಳೆಯಿಂದ ಮೊಗ್ಗು ಕೀಳಬೇಡಿ. ಬಿಸಿಲೇರಲಿ, ಹುಳ ಹಕ್ಕಿ ಉಣ್ಣಲಿ, ಆಮೇಲೆ ದೇವರಿಗೊಂದು ಹೂವು ತನ್ನಿ. ಉಳಿದದ್ದು ಗಿಡದಲ್ಲೇ ಇರಲಿ, ಗಿಡದಲ್ಲಿದ್ದರೂ ಅದು ಅವನಿಗೇ ಸಲ್ಲುತ್ತದೆ. ಕರಿಬೇವಿನ ನಾಲ್ಕು ಎಲೆ ಹುಳ ತಿಂದರೆ ನಿಮ್ಮ ಒಗ್ಗರಣೆ ಕೆಡುವುದಿಲ್ಲ, ವಿಷ ಹೊಡೆಯಬೇಡಿ. ಹಿತ್ತಲ ಒಂದು ಮೂಲೆ ಗುಡಿಸಬೇಡಿ, ಒಣ ಎಲೆಯಡಿ ಚಳಿ ಕಳೆಯುವ ಜೀವಗಳಿವೆ. ಬೇಸಿಗೆಯಲ್ಲಿ ಅಗಲ ಮಣ್ಣಿನ ತಟ್ಟೆಗೆ ನಾಲ್ಕು ಹರಳುಕಲ್ಲು ಹಾಕಿ ನೀರಿಡಿ, ಕುಡಿಯಲು ಬಂದ ಜೇನಿಗೆ ಕಾಲೂರಲು ಜಾಗ ಬೇಕು. ಮತ್ತು ಹೂವು ಬೆಳೆದವರನ್ನು ಹೊಸ್ತಿಲೊಳಗೆ ಕರೆಯಿರಿ. ಇಷ್ಟೂ ಆಗದಿದ್ದರೆ ನಾಳೆ ಪ್ರವಚನಕ್ಕೆ ಬರಬೇಡಿ. ಮನೆಯಲ್ಲೇ ಇರಿ.

ಈಗ ಕೇಳಿ. ಸೋಮವಾರ ಬೆಳಕು ಹರಿಯಿತು. ದೇವರ ಮನೆಯಲ್ಲಿ ಅರ್ಚನೆಗೆ ಐನೋರು ಕೂತಿದ್ದರು, ಬೀಗರು ಕೂತಿದ್ದರು. ಬುಟ್ಟಿ ಬರಲಿಲ್ಲ. ಸಾಹುಕಾರ ಮಡಿಯಲ್ಲೇ ಹಿತ್ತಲ ಬಾಗಿಲಿಗೆ ಬಂದ. ಎಳೆ ಬಿಸಿಲಲ್ಲಿ ತುಂಬೆಯ ತುಂಬ ಜೇನು ಗುಂಯ್‌ಗುಡುತ್ತಿತ್ತು. ದುರುಗವ್ವ ಅದರ ಮುಂದೆ ನಿಂತಿದ್ದಳು.

"ಹೂವೆಲ್ಲಿ?"

"ಗಿಡದಾಗ ಅದಾವ್ರಿ."

"ಕೀಳು!"

"ಕೀಳೂದಿಲ್ರಿ."

ಸಾಹುಕಾರ ಮೆಟ್ಟಿಲಿಳಿಯಲಿಲ್ಲ. ಜನ್ಮದಲ್ಲಿ ಒಂದು ಹೂವನ್ನೂ ತನ್ನ ಕೈಯಾರೆ ಕಿತ್ತವನಲ್ಲ ಅವನು.

"ಹಂಗಾರ ಗಂಟು ಕಟ್ಟು, ನಡಿ ಹೊರಗ!"

ದುರುಗವ್ವ ಸೆರಗು ಸಿಕ್ಕಿಸಿ ತುಂಬೆಯ ಬದಿಗೆ ಹಸಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಹೋಗೂದೂ ಇಲ್ರಿ."