ಅತ್ತೆಯ ಮೀನಿನ ಹರಕೆ

ಮೂಡಬಿದಿರೆಯಿಂದ ವೇಣೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಮಾತು ಅವರದು, ಕಿವಿ ಮಾತ್ರ ನನ್ನದು.

"ಕಾಂತಿ, ಕಾಪರ್-ಟಿ ಹಾಕಿಸಿದ್ದು ನಿನ್ನ ಅತ್ತೆಗೆ ಗೊತ್ತುಂಟಾ?"

"ಇಲ್ಲ ಅಕ್ಕ. ಗಂಡು ಮೊಮ್ಮಗ ಹುಟ್ಟುವ ತನಕ ಮೀನು ಮುಟ್ಟುವುದಿಲ್ಲ ಅಂತ ಅವರು ದೈವದ ಎದುರು ಹರಕೆ ಹೇಳಿದ್ದಾರೆ."

"ಅಯ್ಯೋ! ಆ ಕಾಪರ್-ಟಿ ಎಷ್ಟು ವರ್ಷ ಬರ್ತದೆ?"

"ಹತ್ತು. ವರ್ಷಕ್ಕೆ ನೂರು ಜನರಲ್ಲಿ ಒಬ್ಬಳಿಗೆ ಬಸಿರು ನಿಂತರೆ ಹೆಚ್ಚು ಅಂತ ನರ್ಸಮ್ಮ ಹೇಳಿದ್ರು."

"ಹತ್ತು ವರ್ಷ ಬರೀ ಸೌತೆಕಾಯಿ ಹುಳಿಯಾ? ಪಾಪ ಮಾರಾಯ್ತಿ!"

"ಎಂತ ಪಾಪ? ಎರಡನೆಯದೂ ಹೆಣ್ಣು ಅಂತ ಕೇಳಿ ಆಸ್ಪತ್ರೆಯ ಬಾಗಿಲಿನಿಂದಲೇ ತಿರುಗಿ ಹೋದವರು ಅವರು. ಮಗುವಿಗೆ ವರ್ಷ ಆಯ್ತು, ಇನ್ನೂ ಎತ್ತಿಕೊಂಡಿಲ್ಲ. ನಾನು ದಿನಾ ಬಂಗುಡೆ ಮೀನು ಎಣ್ಣೆಯಲ್ಲಿ ಕಾಯಿಸ್ತೇನೆ, ಅಡುಗೆಕೋಣೆಯ ಬಾಗಿಲು ತೆರೆದೇ ಇಡ್ತೇನೆ."

"ನಿನ್ನ ಗಂಡ ಎಂತ ಹೇಳ್ತಾರೆ?"

"ಹಾಕಿಸಲಿಕ್ಕೆ ಕರಕೊಂಡು ಹೋದದ್ದೇ ಅವರು. ಅಮ್ಮನ ಪಾಲಿನ ತುಂಡನ್ನೂ ಅವರೇ ತಿನ್ನುವುದು."

"ಹರಕೆ ಬಿಡಿಸುವ ದಾರಿಯೇ ಇಲ್ವಾ?"

"ಉಂಟು. ನನ್ನ ಸಣ್ಣ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ದೈವದ ಹತ್ತಿರ ತಪ್ಪಾಯ್ತು ಅಂತ ಹೇಳಲಿ. ಅವತ್ತು ನಾನೇ ಮುಳ್ಳು ಬಿಡಿಸಿ ಬಡಿಸ್ತೇನೆ."

"ಅಷ್ಟರ ತನಕ?"

"ಪರಿಮಳ ತಿನ್ನಲಿ."

ವೇಣೂರು ಬಂತು. ಇಬ್ಬರೂ ನಗುತ್ತ ಇಳಿದುಹೋದರು.